ಗುರುವಾರದ ಪುಸ್ತಕ, ಯಾರದೋ ಸ್ವೆಟರ್

ಯಾರಾದರೂ ಕೈಯಲ್ಲಿ ಹೆಣೆದ ಸ್ವೆಟರ್ ತೋರಿಸಿದರೆ ನಾನು ಮೊದಲು ನೋಡುವುದು ಅದರ ಒಳಮೈಯನ್ನು. ಹೊರಗಿನ ಚಂದ ಯಾರಿಗೆ ಬೇಕು? ದಾರಕ್ಕೆ ಎಲ್ಲಿ ಗಂಟು ಹಾಕಿದ್ದಾರೆ, ಎಲ್ಲಿ ಕುಣಿಕೆ ತಪ್ಪಿ ಮೆಲ್ಲಗೆ ಸರಿಮಾಡಿದ್ದಾರೆ, ಎಲ್ಲ ಒಳಗಿರುತ್ತದೆ. ನನ್ನ ಸೊಸೆ ಇದನ್ನು ಕಂಡು ನಗುತ್ತಾಳೆ. 'ಅತ್ತೆ, ನೀವು ಪೊಲೀಸ್ ಡಿಪಾರ್ಟ್‌ಮೆಂಟಲ್ಲಿ ಇರ್ಬೇಕಿತ್ತು' ಅನ್ನುತ್ತಾಳೆ. ನಗಲಿ ಪಾಪ. ತರಕಾರಿಯವನ ತಕ್ಕಡಿ, ಡಾಕ್ಟರ ಮುಗುಳ್ನಗೆ, ಹೊಸದಾಗಿ ಬಂದ ಎದುರುಮನೆಯಾಕೆ ಡಬ್ಬಿಯಲ್ಲಿ ಕಳಿಸುವ ಹಲ್ವ, ನಾನು ಯಾವುದನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಇದು ಹುಟ್ಟುಗುಣ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಅಲ್ಲ, ಕಲಿತದ್ದು. ಜಯನಗರದ ನಮ್ಮ ಮನೆಯ ಹಜಾರದಲ್ಲಿ, ಸಂಜೆ ಐದೂವರೆಯ ಕಾಫಿಯ ಹೊತ್ತಿಗೆ, ಅಪ್ಪನ ಬೆತ್ತದ ಕುರ್ಚಿಯ ಪಕ್ಕ ಕೂತು ಕಲಿತದ್ದು.

ಅಪ್ಪನ ಉದ್ಯೋಗವೇ ತಪಾಸಣೆ. ಸರ್ಕಾರಿ ಕಚೇರಿಯೊಂದರಲ್ಲಿ ಬೇರೆಯವರು ಬರೆದ ಕಡತಗಳಲ್ಲಿ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದು. ಮನೆಗೆ ಬಂದ ಮೇಲೆ ಕೈಯಲ್ಲಿ ಶಾಯಿ ಇರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಹಾಲಿನ ಪಾತ್ರೆಗೆ ಮೂಗು ತಾಗುವಷ್ಟು ಬಗ್ಗಿ ನೋಡುವರು. ಬಂದ ಕಾಗದವನ್ನು ಒಡೆಯುವ ಮೊದಲು ಅದನ್ನು ಬೆಳಕಿಗೆ ಹಿಡಿದು, ದಾರಿಯಲ್ಲಿ ಯಾರಾದರೂ ಬಿಡಿಸಿ ಮತ್ತೆ ಅಂಟಿಸಿದ್ದಾರೆಯೇ ಅಂತ ಅಂಚನ್ನೆಲ್ಲ ಉಗುರಿನಿಂದ ಕೆರೆದು ನೋಡುವರು. ಅವರು ಯಾರನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ. ಅಮ್ಮನ ಅಡುಗೆ ಬಹಳ ಚೆನ್ನಾಗಿದ್ದ ದಿನ 'ಪರವಾಗಿಲ್ಲ' ಅನ್ನುತ್ತಿದ್ದರು. ಅಂಥವರು ದಿನಾ ಸಂಜೆ ನನ್ನೊಬ್ಬಳ ಜೊತೆ ಒಂದು ಆಟ ಆಡುತ್ತಿದ್ದರು.

"ವತ್ಸೀ, ಇವತ್ತೇನು ಕಂಡೆ?"

"ಮೂಲೆಮನೆ ಅಂಕಲ್ ಆಫೀಸಿಗೆ ಹೋದ್ರು, ಆದ್ರೆ ಟಿಫನ್ ಡಬ್ಬಿ ತಗೊಂಡು ಹೋಗ್ಲಿಲ್ಲ."

"ಅಂದ್ರೆ?"

"ಅಂದ್ರೆ ಆಂಟಿ ಊರಲ್ಲಿಲ್ಲ. ಇಲ್ಲಾಂದ್ರೆ ಜಗಳ ಆಗಿದೆ."

"ಭೇಷ್! ಕಣ್ಣು ಅಂದ್ರೆ ಇದು!"

ಆ ಒಂದು 'ಭೇಷ್'ಗೋಸ್ಕರ ನಾನು ಇಡೀ ದಿನ ಬೀದಿಯ ಮೇಲೆ ಕಣ್ಣಿಟ್ಟಿರುತ್ತಿದ್ದೆ. ಓದಿನಲ್ಲಿ ನಾನು ಸಾಧಾರಣ, ಹಾಡು ಬಾರದು, ಓಟದಲ್ಲಿ ಕೊನೆ. ನನಗೆ ಭೇಷ್ ಸಿಗುತ್ತಿದ್ದುದು ಅದೊಂದೇ ಕಡೆ.

ಅಮ್ಮನಿಗೆ ಈ ಆಟವೇ ತಿಳಿಯುತ್ತಿರಲಿಲ್ಲ. ಅವಳ ಲೋಕದಲ್ಲಿ ಇದ್ದದ್ದು ಎರಡೇ ಕೆಲಸ, ಹೆಣೆಯುವುದು ಮತ್ತು ಓದುವುದು. ಅಡುಗೆ, ಒಗೆತ, ಮುಸುರೆ ಎಲ್ಲ ಆ ಎರಡರ ನಡುವೆ ಬಂದುಹೋಗುವ ಅಡಚಣೆಗಳು. ಹಿಂದಿನ ವರಾಂಡದಲ್ಲಿ ಚಾಪೆ ಹಾಸಿಕೊಂಡು, ಗೋಡೆಗೆ ಒರಗಿ ಕೂತು, ಮಡಿಲಲ್ಲಿ ಪುಸ್ತಕ ತೆರೆದು, ಪುಟ ಮಗುಚಿಕೊಳ್ಳದ ಹಾಗೆ ಅಡುಗೆಮನೆಯ ಇಕ್ಕಳವನ್ನು ಅದರ ಮೇಲೆ ಅಡ್ಡ ಇಟ್ಟುಕೊಳ್ಳುತ್ತಿದ್ದಳು. ಕೈ ತನ್ನ ಪಾಡಿಗೆ ಉಲ್ಟಾ ಸೀದಾ ಕುಣಿಕೆ ಹಾಕುತ್ತಿತ್ತು, ಕಣ್ಣು ತನ್ನ ಪಾಡಿಗೆ ಓದುತ್ತಿತ್ತು. ಪುಟ ತಿರುಗಿಸುವುದಕ್ಕೆ ಎಡ ಮೊಣಕೈಯ ತುದಿ ಸಾಕು. ಕತೆಯಲ್ಲಿ ಯಾರಾದರೂ ಸತ್ತರೆ ಮಾತ್ರ ಕೈ ಬಿಗಿಯಾಗುತ್ತಿತ್ತು. ಅಪ್ಪನ ಬೂದು ಕಾರ್ಡಿಗನ್ನಿನ ಎಡ ತೋಳು ಬಲ ತೋಳಿಗಿಂತ ಒಂದು ಬೆರಳು ಗಿಡ್ಡ. ಅದು ಯಾವ ಧಾರಾವಾಹಿಯ ಯಾವ ನಾಯಕಿಯ ಸಾವಿನಿಂದ ಆದದ್ದು ಅಂತ ಅಮ್ಮ ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಯಾರನ್ನೂ ಯಾವುದಕ್ಕೂ ಅನುಮಾನಿಸದ ಹೆಂಗಸು. ಹಾಲಿನವನು ನೀರು ಬೆರೆಸಿದರೆ 'ಅವನ ಹಸುಗೆ ಬಾಯಾರಿಕೆ ಜಾಸ್ತಿ ಇರ್ಬೇಕು' ಅಂದು ಸುಮ್ಮನಾಗುವವಳು.

ನಮ್ಮ ಬೀದಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅಮ್ಮನ ಸ್ವೆಟರನ್ನೇ ಹಾಕಿಕೊಂಡು ಬೆಳೆದವು. ಆದರೆ ಮಗು ಹುಟ್ಟುವ ಮುಂಚೆ ಅದಕ್ಕೆ ಬಟ್ಟೆ ಸಿದ್ಧಮಾಡಬಾರದು ಎನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಹುಟ್ಟಿದ ಮೇಲೆ ಶುರುಮಾಡಿದರೆ ಚಳಿ ಕಾಯುತ್ತದೆಯೇ? ಆಗಿನ ಬೆಂಗಳೂರಿನ ಡಿಸೆಂಬರ್ ಅಂದರೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿ, ಬಿಸಿಲಿಗೆ ಇಟ್ಟು ಕರಗಿಸಿಕೊಳ್ಳಬೇಕಿತ್ತು. ಅಮ್ಮ ಒಂದು ಉಪಾಯ ಮಾಡಿಕೊಂಡಿದ್ದಳು. ಇಡೀ ಸ್ವೆಟರನ್ನು ಹೆಣೆದು, ಕುತ್ತಿಗೆಯ ಕೊನೆಯ ಸಾಲನ್ನು ಮಾತ್ರ ಮುಚ್ಚದೆ ಕಡ್ಡಿಯಲ್ಲೇ ಬಿಡುತ್ತಿದ್ದಳು. ಮುಗಿಯದ ಬಟ್ಟೆ ಬಟ್ಟೆಯೇ ಅಲ್ಲ ಅಂತ ಅವಳ ವಾದ. ಹೆರಿಗೆ ಆಯಿತು, ತಾಯಿ ಮಗು ಚೆನ್ನಾಗಿದ್ದಾರೆ ಅಂತ ಸುದ್ದಿ ಬಂದ ಮೇಲೆ ಹತ್ತು ನಿಮಿಷದಲ್ಲಿ ಆ ಸಾಲು ಮುಚ್ಚಿ, ತೊಳೆದು ಒಣಗಿಸಿ ಕೊಟ್ಟುಬರುತ್ತಿದ್ದಳು. ಅಲ್ಲಿಯವರೆಗೆ 'ಯಾರಿಗಮ್ಮಾ ಇದು?' ಅಂದರೆ 'ಯಾರಿಗೋ' ಅನ್ನುವಳು. ಹೆಸರು ಹೇಳುವುದೂ ನಿಷಿದ್ಧ.

ನಾನು ಚಿಕ್ಕವಳಾಗಿದ್ದಾಗ ಚಿಕ್ಕಪ್ಪ, ಲಲಿತ ಚಿಕ್ಕಮ್ಮ ನಮ್ಮ ಜೊತೆಗೇ ಇದ್ದರು. ಚಿಕ್ಕಮ್ಮ ಬಂದ ಮೇಲೆ ಅಮ್ಮನ ಓದು ಮೌನ ಬಿಟ್ಟು ಗಟ್ಟಿಯಾಯಿತು. ಒಬ್ಬರು ಓದುವುದು, ಒಬ್ಬರು ಹೆಣೆಯುವುದು, ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಆ ಕಡೆ, ಕಡ್ಡಿ ಈ ಕಡೆ. ಚಿಕ್ಕಮ್ಮನ ಓದು ಬರೀ ಓದಲ್ಲ. ಕೆಟ್ಟ ಅತ್ತೆಯ ಮಾತು ಬಂದರೆ ಸೆರಗು ಸೊಂಟಕ್ಕೆ ಸಿಕ್ಕಿಸುವಳು, ಜಮೀನ್ದಾರ ಬಂದರೆ ಗಂಟಲು ದಪ್ಪ ಮಾಡಿ ಕೆಮ್ಮುವಳು. ಅಮ್ಮ ನಕ್ಕೂ ನಕ್ಕೂ ಕುಣಿಕೆ ಬಿಟ್ಟು, 'ಸಾಕು ಸುಮ್ನಿರೇ, ಎಂಟು ಸಾಲು ಬಿಚ್ಚಬೇಕು ಈಗ' ಅಂತ ಗದರುವಳು. ಆ ಮನೆಯಲ್ಲಿ ಚಿಕ್ಕಮ್ಮ ಎರಡು ಸಲ ಬಸುರಾದಳು. ಎರಡು ಸಲವೂ ನಿಲ್ಲಲಿಲ್ಲ. ಎರಡು ಸಲವೂ ಅಮ್ಮ ಕಡ್ಡಿಯಲ್ಲಿದ್ದ ಸಣ್ಣ ಸ್ವೆಟರನ್ನು ಬಿಚ್ಚಿ, ದಾರವನ್ನು ಉಂಡೆ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಳು.

ಆಮೇಲೆ ಒಂದು ಗೌರಿ ಹಬ್ಬದ ಮಾರನೆಯ ದಿನ ಬೆಳ್ಳಿಯ ಕುಂಕುಮದ ಬಟ್ಟಲು ಕಾಣಿಸಲಿಲ್ಲ. ಅಪ್ಪ ಊಟಕ್ಕೆ ಕೂತಾಗ, ಎಲ್ಲರೂ ಕೇಳುವ ಹಾಗೆ, ಚಿತ್ರಾನ್ನ ಕಲಸುತ್ತ ಹೇಳಿದರು.

"ಹೊರಗಿನೋರು ದೇವರ ಮನೆಗೆ ಬರಲ್ಲ. ಹಾಗಾದ್ರೆ ಒಳಗಿನೋರೇ ಯಾರೋ ತಗೊಂಡಿರಬೇಕು. ನಾನು, ಇವಳು, ಮಗು ಬಿಟ್ಟರೆ ಇನ್ಯಾರಿದ್ದಾರೆ ಲೆಕ್ಕ ಹಾಕ್ಕೊಳ್ಳಿ."

ಚಿಕ್ಕಪ್ಪ ಎಲೆ ಮುಂದಿನಿಂದ ಎದ್ದುಹೋದರು. ವಾರದಲ್ಲಿ ತಿಲಕ್ ನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ನಮ್ಮ ಮನೆಯಿಂದ ನಡೆದರೆ ಇಪ್ಪತ್ತು ನಿಮಿಷ, ಆದರೆ ಹೋಗಿಬರುವುದು, ಮಾತುಕತೆ ಎಲ್ಲ ನಿಂತುಹೋಯಿತು. ಆಮೇಲೊಮ್ಮೆ ಸುಣ್ಣ ಹೊಡೆಸುವಾಗ ದೇವರ ಮಂಟಪ ಸರಿಸಿದರೆ ಬಟ್ಟಲು ಹಿಂದೆ ಬಿದ್ದಿತ್ತು. ಅಮ್ಮ ಕಣ್ಣಿಗೆ ಒತ್ತಿಕೊಂಡು ತಂದು ತೋರಿಸಿದಳು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಏನಂದರು ಗೊತ್ತೇ? 'ತಂದು ಇಟ್ಟು ಹೋಗಿದ್ದಾರೆ. ಯಾವಾಗ ಬಂದಿದ್ರು?' ಅಂದರು. ಎಂಥ ಮಾತು! ಆದರೆ ಆಗ ನನಗೆ ಅದು ಅದ್ಭುತ ಬುದ್ಧಿಯಾಗಿ ಕಂಡಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಅವರೆಕಾಯಿಯ ಕಾಲ ಆಗ ತಾನೇ ಶುರುವಾಗಿತ್ತು. ದಸರಾ ಬೊಂಬೆ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕುತ್ತಿದ್ದೆ. ಪಟ್ಟದ ಬೊಂಬೆಗಳ ಕೆಳಗೆ, ಹಳೆ ಪಂಚೆಯಲ್ಲಿ ಸುತ್ತಿ ಇಟ್ಟ ನಿಂಬೆ ಹಳದಿಯ ಕೂಸಿನ ಸ್ವೆಟರ್ ಸಿಕ್ಕಿತು. ಕಡ್ಡಿ ಅದರಲ್ಲೇ ಇತ್ತು, ಕೊನೆಯ ಸಾಲು ಬಾಕಿ. ನನ್ನ ಕಿವಿ ನಿಮಿರಿತು. ಬೇರೆ ಸ್ವೆಟರುಗಳನ್ನು ಅಮ್ಮ ಎಲ್ಲರ ಕಣ್ಣೆದುರೇ ಹೆಣೆಯುತ್ತಿದ್ದಳು, ಇದನ್ನು ಯಾಕೆ ಬಚ್ಚಿಟ್ಟಿದ್ದಾಳೆ? ಬೀದಿಯ ಒಂದೊಂದೇ ಮನೆಯನ್ನು ಮನಸ್ಸಿನಲ್ಲೇ ಹೊಕ್ಕು ಬಂದೆ. ಯಾರೂ ಬಸುರಿಯಿರಲಿಲ್ಲ. ಹಾಗಾದರೆ ಉಳಿದವಳು ಅಮ್ಮನೇ! ಅಂದಿನಿಂದ ಅಮ್ಮನ ಹೊಟ್ಟೆಯ ಮೇಲೇ ನನ್ನ ಕಣ್ಣು. ಹುಣಸೆಹಣ್ಣು ಚೀಪಿದರೆ ಗುರುತು ಇಟ್ಟುಕೊಂಡೆ. ಕಾಫಿ ಬೇಡವೆಂದರೆ ಗುರುತು ಇಟ್ಟುಕೊಂಡೆ. ತಬ್ಬಿಕೊಳ್ಳುವ ನೆಪದಲ್ಲಿ ಸೊಂಟ ಅಳೆದೂ ನೋಡಿದೆ. ಏನೂ ದಪ್ಪ ಆಗಿರಲಿಲ್ಲ.

ಹಾಗೆ ಹಿಂದೆ ಬಿದ್ದಿದ್ದರಿಂದ ಇನ್ನೊಂದು ವಿಚಿತ್ರ ಕಣ್ಣಿಗೆ ಬಿತ್ತು. ಅಮ್ಮ ಗುರುವಾರ ಗುರುವಾರ ಮಧ್ಯಾಹ್ನ ಫೋರ್ತ್ ಬ್ಲಾಕಿನ ಸರ್ಕ್ಯುಲೇಟಿಂಗ್ ಲೈಬ್ರರಿಗೆ ಹೋಗಿಬರುತ್ತಿದ್ದಳು. ಮೊದಲೆಲ್ಲ ವಾರಕ್ಕೊಂದು ಹೊಸ ಕಾದಂಬರಿ ಬರುತ್ತಿತ್ತು. ಈಗ ಒಂದೇ ದಪ್ಪ ಪುಸ್ತಕ ಮನೆಯಲ್ಲಿ ತಿಂಗಳಿಂದ ಓಡಾಡುತ್ತಿತ್ತು. ಅದರ ಮುಕ್ಕಾಲು ಭಾಗದ ಪುಟಗಳನ್ನು ಹಳದಿ ಉಣ್ಣೆಯ ದಾರದಿಂದ ಕಟ್ಟಿಹಾಕಲಾಗಿತ್ತು. ಅಮ್ಮ ದಾರದ ಈಚಿನ ಪುಟಗಳನ್ನೇ ಮತ್ತೆ ಮತ್ತೆ ಓದುತ್ತಿದ್ದಳು, ದಾರದ ಗಂಟು ಬಿಚ್ಚುತ್ತಿರಲಿಲ್ಲ. ಮುಂದೇನಾಯಿತು ಅಂತ ತಿಳಿಯದೆ ಒಂದು ದಿನವೂ ಇರಲಾರದ ಹೆಂಗಸು ಕತೆಯನ್ನು ಕಟ್ಟಿಟ್ಟಿದ್ದಾಳೆ ಅಂದರೆ ಏನು? ಅಪ್ಪನಿಗೆ ಮಾತ್ರ ನಾನು ಏನೂ ಹೇಳಲಿಲ್ಲ. ಪೂರ್ತಿ ಪತ್ತೆಮಾಡಿ, ಒಂದೇ ಸಲಕ್ಕೆ ಅವರ ಮುಂದಿಟ್ಟು, ಜೀವಮಾನದ ದೊಡ್ಡ ಭೇಷ್ ಗಿಟ್ಟಿಸಬೇಕು ಅಂತ ನನ್ನ ಆಸೆ.

ಒಂದು ಗುರುವಾರ ಶಾಲೆಗೆ ರಜ ಇತ್ತು. ಗೆಳತಿಯ ಮನೆಗೆ ಹೋಗುವೆನೆಂದು ಸುಳ್ಳು ಹೇಳಿ, ಅಮ್ಮನಿಗಿಂತ ಐವತ್ತು ಹೆಜ್ಜೆ ಹಿಂದೆ, ಮರದಿಂದ ಮರಕ್ಕೆ ಮರೆಯಾಗುತ್ತ ಹೊರಟೆ. ಲೈಬ್ರರಿಯ ಕಡೆ ತಿರುಗಬೇಕಾದಲ್ಲಿ ಅಮ್ಮ ತಿರುಗಲೇ ಇಲ್ಲ. ಬ್ಯಾಗನ್ನು ಎದೆಗೆ ಒತ್ತಿಕೊಂಡು ನೆಟ್ಟಗೆ ತಿಲಕ್ ನಗರದ ದಾರಿ ಹಿಡಿದಳು. ಒಂದು ಸಣ್ಣ ಮನೆಯ ಬಾಗಿಲು ತಟ್ಟದೆಯೇ ತಳ್ಳಿಕೊಂಡು ಒಳಗೆ ಹೋದಳು. ನಾನು ಕಿಟಕಿಗೆ ಹೋಗಿ ಇಣುಕಿದೆ. ಒಳಗೆ ಮಂಚದ ಕಾಲುಗಡೆಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದರು. ಅದರ ಮೇಲೆ ತಲೆ ಕೆಳಗೆ, ಕಾಲು ಮೇಲೆ ಮಾಡಿಕೊಂಡು ಲಲಿತ ಚಿಕ್ಕಮ್ಮ ಮಲಗಿದ್ದಳು. ಹೊಟ್ಟೆ ದೊಡ್ಡದಾಗಿತ್ತು. ಅವಳು ಕಿಟಕಿ ಕಡೆ ನೋಡಿದವಳೇ ಕೂಗಿದಳು.

"ಅಯ್ಯೋ ಅಕ್ಕಾ, ನಿಮ್ಮ ಸಿ.ಐ.ಡಿ. ಬಂದಿದೆ ನೋಡಿ!"

ಅಮ್ಮ ಗಾಬರಿಯಾಗಬಹುದು, ಬೈಯಬಹುದು ಅಂದುಕೊಂಡೆ. ಅವಳು ಹೊರಗೆ ಬಂದು, 'ಬಿಸಿಲಲ್ಲಿ ಯಾಕೆ ನಿಂತಿದೀಯ, ಬಾ ಒಳಗೆ' ಅಂದಳು, ಅಷ್ಟೇ. ಎರಡು ಸಲ ಆದ ಹಾಗೆ ಆಗಬಾರದೆಂದು ಡಾಕ್ಟರು ಚಿಕ್ಕಮ್ಮನಿಗೆ ಹೆರಿಗೆಯವರೆಗೂ ಮಂಚ ಬಿಟ್ಟು ಇಳಿಯಕೂಡದು ಅಂದಿದ್ದರಂತೆ. ತಾಯಿಯಿಲ್ಲದವಳು. ಚಿಕ್ಕಪ್ಪ ಬೆಳಿಗ್ಗೆ ಗಂಜಿ ಮಾಡಿಟ್ಟು ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಚಿಕ್ಕಮ್ಮ ನನ್ನ ಕೈಯನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಆರು ದಿನ ಈ ತಾರಸಿ ನೋಡ್ಕೊಂಡು ಹೆದರ್ಕೊಂಡು ಬಿದ್ದಿರ್ತೀನಿ ಕಣೇ. ಒಂಚೂರು ನೋವು ಬಂದ್ರೂ ಜೀವ ಹೋದಂಗಾಗತ್ತೆ. ಅಕ್ಕ ಬಂದ ದಿನ ಹೆದರಿಕೆ ಇರಲ್ಲ. ಈ ಕತೆ ಮುಗಿಯೋ ತನಕ ಇದೂ ಒಳಗೇ ಇರ್ಲಿ ಅಂತ ಹೇಳಿದೀನಿ ಹೊಟ್ಟೆಗೆ. ಅದಕ್ಕೇ ಸ್ವಲ್ಪ ಸ್ವಲ್ಪಾನೇ ಓದ್ತೀವಿ. ನೀನು ನಿಮ್ಮಪ್ಪಂಗೆ ಹೇಳ್ಬೇಡ್ವೇ, ದಮ್ಮಯ್ಯ."

"ಇಲ್ಲ ಚಿಕ್ಕಮ್ಮ."

"ಅವಳು ಹೇಳಲ್ಲ ಸುಮ್ನಿರು. ನನ್ನ ಮಗಳು ಅವಳು," ಅಂದಳು ಅಮ್ಮ. ಹೇಳುತ್ತಲೇ ಪುಸ್ತಕದ ದಾರ ಬಿಚ್ಚಿದಳು.

ಆ ಮಧ್ಯಾಹ್ನ ಚಿಕ್ಕಮ್ಮ ಮಲಗಿದಲ್ಲಿಂದಲೇ ಜಮೀನ್ದಾರನ ಹಾಗೆ ಕೆಮ್ಮಿ ಓದಿದಳು, ಅಮ್ಮ ಅಪ್ಪನ ಹೊಸ ಕಾರ್ಡಿಗನ್ ಹೆಣೆದಳು, ನಾನು ಪುಟ ತಿರುಗಿಸಿದೆ. ಹತ್ತು ಪುಟ ಮುಗಿದ ಮೇಲೆ ಅಮ್ಮ ಮತ್ತೆ ದಾರ ಕಟ್ಟಿದಳು. ಒಬ್ಬರನ್ನು ಬಿಟ್ಟು ಒಬ್ಬರು ಮುಂದೆ ಓದುವ ಹಾಗಿಲ್ಲ ಅಂತ ಅವರವರಲ್ಲೇ ಒಪ್ಪಂದ. ಮುಂದಿನ ಎರಡು ಗುರುವಾರ ನಾನು ಶಾಲೆಯಿಂದ ನೇರ ಅಲ್ಲಿಗೇ ಓಡಿದೆ. ನನ್ನ ಬಾಲ್ಯದಲ್ಲಿ ಅದಕ್ಕಿಂತ ಸುಖವಾದ ಮಧ್ಯಾಹ್ನಗಳು ನನಗೆ ನೆನಪಿಲ್ಲ. ದಿನಾ ಸಂಜೆ ಅಪ್ಪ 'ಇವತ್ತೇನು ಕಂಡೆ?' ಅಂದಾಗ ಹಾಲಿನವನ, ಮೂಲೆಮನೆಯವರ ಸುದ್ದಿ ಹೇಳಿ ಜಾರಿಕೊಳ್ಳುತ್ತಿದ್ದೆ. ಅವರಿಗೆ ಅದು ಸಪ್ಪೆಯಾಗತೊಡಗಿತು. 'ನಿನ್ನ ಕಣ್ಣು ಮಂಕಾಗ್ತಿದೆ' ಅಂತ ಒಂದು ದಿನ ಅಂದೂಬಿಟ್ಟರು. ಅದು ನನಗೆ ಚುಚ್ಚಿತು.

ಮಾರನೆಯ ಸಂಜೆ ಅಪ್ಪನ ತೊಡೆಯ ಮೇಲೆ ಆ ಪುಸ್ತಕ ಇತ್ತು. ಅಮ್ಮ ಒಳಗೆ ಕಾಫಿ ಸೋಸುತ್ತಿದ್ದಳು. ಅಪ್ಪ ಕೊನೆಯ ಪುಟ ತೆರೆದು, ವಾಪಸು ಕೊಡಬೇಕಾದ ತಾರೀಖಿನ ನೀಲಿ ಮೊಹರನ್ನು ಬೆರಳಿನಿಂದ ತೋರಿಸಿದರು.

"ಇವತ್ತು ನೀನೇನೂ ಹೇಳೋದು ಬೇಡ. ನಾನು ಹೇಳ್ತೀನಿ. ವಾರಾ ವಾರಾ ಲೈಬ್ರರಿಗೆ ಹೋಗೋರ ಪುಸ್ತಕದ ತಾರೀಖು ಮುಗಿದು ತಿಂಗಳ ಮೇಲಾಗಿದೆ. ಅಂದ್ರೆ?"

ನಾನು ಆ ನೀಲಿ ಮೊಹರನ್ನೇ ನೋಡಿದೆ.

"ಅಂದ್ರೆ ಲೈಬ್ರರಿಗೆ ಹೋಗ್ತಿಲ್ಲ. ಹಾಗಾದ್ರೆ ಎಲ್ಲಿಗೆ? ಗೊತ್ತಾಗ್ಲಿಲ್ವಾ? ನಿನಗೆಲ್ಲಿ ಗೊತ್ತಾಗತ್ತೆ ಬಿಡು. ನಾನೇ ಕಂಡುಹಿಡೀತೀನಿ."

"ನಂಗೆ ಗೊತ್ತು!" ಅಂದೆ.

ಅಪ್ಪ ಹೆದರಿಸಲಿಲ್ಲ, ಹೊಡೆಯಲಿಲ್ಲ, ಆಮಿಷ ತೋರಿಸಲಿಲ್ಲ. ಆಟದಲ್ಲಿ ಸೋಲುವುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ, ಅಷ್ಟೇ. ಎಲ್ಲ ಹೇಳಿದೆ. ತಿಲಕ್ ನಗರ, ಇಟ್ಟಿಗೆ ಕೊಟ್ಟ ಮಂಚ, ಬೊಂಬೆ ಪೆಟ್ಟಿಗೆಯ ಹಳದಿ ಸ್ವೆಟರ್, ಯಾವುದನ್ನೂ ಬಿಡದೆ ಒಂದರ ಹಿಂದೆ ಒಂದು ಜೋಡಿಸಿ ಹೇಳಿದೆ. ಅಪ್ಪ ಮೆತ್ತಗೆ 'ಭೇಷ್' ಅಂದರು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಖುಷಿಯೇ ಆಯಿತು. ಅಷ್ಟರಲ್ಲಿ ಅಮ್ಮ ಕಾಫಿ ತಂದಳು.

"ತಿಲಕ್ ನಗರದಲ್ಲಿ ಲೈಬ್ರರಿ ಯಾವಾಗ ತೆಗೆದ್ರು?" ಅಂದರು ಅಪ್ಪ.

ಅಮ್ಮ ಲೋಟ ಕೆಳಗಿಟ್ಟಳು. "ಏಳಕ್ಕೂ ಆಗದೆ ಮಲಗಿದಾಳೆ ರೀ. ಎರಡು ಹೋಗಿದೆ. ಇದೊಂದು ಉಳೀಲಿ ಅಂತ ಹೋಗ್ತಿದ್ದೆ."

"ಕಳ್ಳರ ಮನೆಗೆ?"

"ಬಟ್ಟಲು ಸಿಕ್ತಲ್ಲ!"

"ಹೇಗೆ ಸಿಕ್ತು ಅಂತ ನನಗೆ ಗೊತ್ತು. ಇನ್ಮೇಲೆ ನೀನು ಆ ಹೊಸಲು ತುಳಿದ್ರೆ ಈ ಹೊಸಲು ತುಳೀಬೇಡ."

"ಇನ್ನು ಎರಡು ತಿಂಗಳು ಅಷ್ಟೇ. ಅಲ್ಲೀ ತನಕ ಬಿಡಿ. ಆಮೇಲೆ ನೀವು ಹೇಳ್ದಂಗೆ ಕೇಳ್ತೀನಿ."

ಅಪ್ಪ ಪುಸ್ತಕ ಮುಚ್ಚಿದರು. ಅಮ್ಮ 'ನಿಮಗೆ ಯಾರು ಹೇಳಿದ್ದು?' ಅಂತ ಕೇಳಿದಳು. ಅಪ್ಪ ನನ್ನ ಜಡೆ ಸವರಿದರು. 'ನನ್ನ ಮಗಳಿಗೆ ಕಣ್ಣಿದೆ' ಅಂದರು. ಅಮ್ಮ ನನ್ನ ಕಡೆ ನೋಡಿದಳು. ಒಂದು ಮಾತು ಬೈದಿದ್ದರೆ, ಒಂದು ಏಟು ಹಾಕಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವಳು, ಯಾರೂ ಕುಡಿಯದ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಅಪ್ಪ ಆ ಪುಸ್ತಕದ ದಾರ ಕಿತ್ತು ಎಸೆದು, ತಾವೇ ಹೋಗಿ ವಾಪಸು ಕೊಟ್ಟು, ಲೈಬ್ರರಿಯ ಸದಸ್ಯತ್ವ ರದ್ದು ಮಾಡಿಸಿ ಬಂದರು. 'ಓದೋಕೆ ಪೇಪರ್ ಬರತ್ತಲ್ಲ' ಅಂದರು. ಗುರುವಾರ ನಾನು ಶಾಲೆಯಿಂದ ಬಂದಾಗ ಅಮ್ಮ ಹಿಂದಿನ ವರಾಂಡದಲ್ಲಿ ಹಿಂದಿನ ದಿನದ ಪೇಪರಿಗೆ ಇಕ್ಕಳ ಇಟ್ಟುಕೊಂಡು ಕೂತಿದ್ದಳು. ನಾಲ್ಕು ಗಂಟೆ ಹೊಡೆದಾಗ ಅವಳ ಕೈ ನಿಂತಿತು. ನನಗೆ ತಿಲಕ್ ನಗರದ ಆ ಮಂಚ, ಬಾಗಿಲ ಕಡೆ ತಿರುಗಿದ ಚಿಕ್ಕಮ್ಮನ ಮುಖ ಕಣ್ಣಿಗೆ ಕಟ್ಟಿತು. ಆಗ ನನಗೆ ಹೆದರಿಕೆ ಶುರುವಾಯಿತು. ಆ ಮಗುವಿಗೇನಾದರೂ ಆದರೆ ಅದು ನನ್ನಿಂದಲೇ ಆದ ಹಾಗೆ ಅಂತ ಯಾರೂ ಹೇಳದೆ ನನಗೇ ಹೊಳೆಯಿತು. ಊಟ ಸೇರಲಿಲ್ಲ. ಸಂಜೆ ಅಪ್ಪ ಏನು ಕಂಡೆ ಅಂತ ಕೇಳಿದರೆ 'ಏನೂ ಇಲ್ಲ' ಅನ್ನುತ್ತಿದ್ದೆ. ಅಮ್ಮ ಮಾತು ಬಿಡಲಿಲ್ಲ. ತಲೆ ಬಾಚಿದಳು, ಬುತ್ತಿ ಕಟ್ಟಿದಳು, ಶಾಲೆಯ ಕಾರ್ಡಿಗನ್ನಿನ ಕಿತ್ತುಹೋದ ಗುಂಡಿ ಹಾಕಿಕೊಟ್ಟಳು. ಹಾಗೇ ನಾಲ್ಕು ಗುರುವಾರ ಹೋಯಿತು.

ಧನುರ್ಮಾಸ ಬಂತು. ಬೆಳಗಿನ ಪೂಜೆಗೆ ಹುಗ್ಗಿ ಬೇಯುತ್ತಿತ್ತು, ಅಪ್ಪ ಬಚ್ಚಲುಮನೆಯಲ್ಲಿದ್ದರು. ಜಯನಗರ ತಿಲಕ್ ನಗರ ಎರಡೂ ಕಡೆ ಹೂವು ಹಾಕುವ ಮುನಿಯಮ್ಮ ಬುಟ್ಟಿ ಇಳಿಸಿ ಅಮ್ಮನನ್ನು ಬಾಗಿಲಿಗೆ ಕರೆದಳು.

"ಅಮ್ಮಾ, ತಿಲಕ್ ನಗರದಮ್ಮಂಗೆ ಮೊನ್ನೆ ಹೆರಿಗೆ ಆಯ್ತು. ಹೆಣ್ಮಗು. ದಿನ ತುಂಬೋಕ್ಮುಂಚೇನೇ ಆಗೋಯ್ತಂತೆ. ಬೆಕ್ಕಿನ ಮರಿಯಂಗೈತೆ, ಆದ್ರೂ ಜೀವ ಗಟ್ಟಿ, ಚೆನ್ನಾಗೈತೆ. ನೋವು ತಿಂತಾ ಅಕ್ಕ ಎಲ್ಲಿ, ಅಕ್ಕ ಎಲ್ಲಿ ಅಂತಿದ್ರಂತೆ."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಬೊಂಬೆ ಪೆಟ್ಟಿಗೆಯಿಂದ ಸ್ವೆಟರ್ ತಂದು, ಕೂರಲೂ ಇಲ್ಲ, ಬಾಗಿಲಲ್ಲಿ ನಿಂತಲ್ಲೇ ಕೊನೆಯ ಸಾಲು ಮುಚ್ಚತೊಡಗಿದಳು. ಎರಡು ಸಲ ಕುಣಿಕೆ ಜಾರಿತು. ಮುಚ್ಚಿ ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕತ್ತರಿಸಿ, ಅಷ್ಟು ಪುಟ್ಟ ಮಗುವಿಗೆ ದೊಡ್ಡದಾದೀತೆಂದು ತೋಳುಗಳನ್ನು ಒಳಕ್ಕೆ ಮಡಚಿದಳು. ಮಗು ಬದುಕಿದೆ ಅನ್ನುವ ಸಂತೋಷಕ್ಕೆ ನನಗೆ ಕಾಲು ನಿಲ್ಲುತ್ತಿರಲಿಲ್ಲ.

"ಕೊಡಮ್ಮಾ, ನಾನು ಓಡಿಹೋಗಿ ಕೊಟ್ಟು ಬರ್ತೀನಿ. ಅಪ್ಪಂಗೆ ಹೇಳಲ್ಲ. ದೇವರಾಣೆ ಹೇಳಲ್ಲ."

ಅಮ್ಮ ಸ್ವೆಟರನ್ನು ಸೆರಗಿನ ಒಳಕ್ಕೆ ಸರಿಸಿಕೊಂಡಳು. ನನ್ನನ್ನು ನೋಡಿದಳು.

"ನೀನು ಒಳಗೆ ಹೋಗು," ಅಂದಳು.

ನಾನು ಕದಲಲಿಲ್ಲ. ಅವಳೂ ಕದಲಲಿಲ್ಲ. ನಾನು ಹೋಗುವುದನ್ನೇ ಕಾಯುತ್ತ ಸುಮ್ಮನೆ ನಿಂತಳು. ಮುನಿಯಮ್ಮ ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡಿದಳು. ಕೊನೆಗೆ ನಾನೇ ಅಡುಗೆಮನೆಗೆ ಹೋಗಿ ಹುಗ್ಗಿಯ ಪಾತ್ರೆಯ ಮುಂದೆ ನಿಂತುಕೊಂಡೆ. ಬಾಗಿಲಲ್ಲಿ ಪಿಸುಪಿಸು ಮಾತು, ಬುಟ್ಟಿಯ ಬಾಳೆ ಎಲೆ ಸರಿಸಿದ ಸದ್ದು, ಆಮೇಲೆ ಗೇಟು ಹಾಕಿದ 'ಟಣ್' ಕೇಳಿಸಿತು. ಅಮ್ಮ ಒಳಗೆ ಬಂದು, ಕಣ್ಣು ಒರೆಸಿಕೊಂಡು, ಹುಗ್ಗಿಗೆ ತುಪ್ಪ ಬಿಟ್ಟಳು.

"ಕಳಿಸಿದ್ಯಾ ಅಮ್ಮ, ಸ್ವೆಟರ್?"

ಅಮ್ಮ ಸೌಟು ತಿರುಗಿಸುತ್ತ, ನನ್ನ ಕಡೆ ನೋಡದೆ ಹೇಳಿದಳು.

"ಯಾವ ಸ್ವೆಟರ್?"